ಮುಖ ನೋಡಿ ಹಾಲು ತೆಗೆದುಕೊಳ್ಳಬಾರದು

ಮಂಗಳೂರಿನ ಕುಲಶೇಖರದ ನಮ್ಮ ಮನೆಯಿಂದ ಹೆದ್ದಾರಿಗೆ ಇಳಿದರೆ ಹಾಲಿನ ಟ್ಯಾಂಕರ್‌ಗಳು ಕಾಣುತ್ತವೆ. ದಕ್ಷಿಣ ಕನ್ನಡ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲೇ. ಅವುಗಳನ್ನು ನೋಡಿದಾಗಲೆಲ್ಲ ನನಗೆ ಅಪ್ಪನ ನೆನಪಾಗುತ್ತದೆ. ವಾಮಂಜೂರಿನಿಂದಾಚೆಯ ನಮ್ಮ ಹಳ್ಳಿಯಲ್ಲಿ ಅವರು ಹಾಲಿನ ಸೊಸೈಟಿಯ ಕಾರ್ಯದರ್ಶಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುವಾಗಲೇ ಜನ ಕ್ಯಾನು, ತಂಬಿಗೆ ಹಿಡಿದು ಸಾಲಾಗಿ ನಿಂತಿರುತ್ತಿದ್ದರು. ಅಪ್ಪ ಒಬ್ಬೊಬ್ಬರ ಹಾಲನ್ನೂ ಜಾಡಿಗೆ ಸುರಿದು ಲ್ಯಾಕ್ಟೋಮೀಟರ್ ತೇಲಿಬಿಡುತ್ತಿದ್ದರು. ಅದು ನಿಂತ ಗೆರೆಯನ್ನು ಬಗ್ಗಿ ಓದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಮ್ಮೆ ಅಮ್ಮನ ಸ್ವಂತ ಅಣ್ಣನ ಮನೆಯ ಹಾಲು ಗೆರೆಗಿಂತ ಕೆಳಗೆ ಬಂತು. ಅಪ್ಪ ಹಾಲನ್ನು ವಾಪಸು ಕಳಿಸಿದರು. ಆ ದಿನವಿಡೀ ಮನೆಯಲ್ಲಿ ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು ಇಷ್ಟೆ: “ಮುಖ ನೋಡಿ ಹಾಲು ತೆಕ್ಕೊಳ್ಳಲಿಕ್ಕಿಲ್ಲ. ಗೆರೆ ನೋಡಿಯೇ ತೆಕ್ಕೊಳ್ಳಬೇಕು.”

ಅಪ್ಪನಿಗೆ ಷೇರು ಮಾರುಕಟ್ಟೆಯ ಗಂಧಗಾಳಿ ಇರಲಿಲ್ಲ. ಆದರೆ ಫ್ಯೂಚರ್ಸ್‌ನಲ್ಲಿ ದಿನದ ವಹಿವಾಟು ಮಾಡುವವನು ಯಾವ ಕ್ಷಣದಲ್ಲಿ ಒಳಗೆ ಹೋಗಬೇಕು ಎಂಬ ಪ್ರಶ್ನೆಗೆ, ಇಷ್ಟು ವರ್ಷಗಳಲ್ಲಿ ನಾನು ಓದಿದ ಯಾವ ಉತ್ತರವೂ ಆ ಮಾತಿಗಿಂತ ಸರಿಯಾಗಿ ಕಂಡಿಲ್ಲ.

ನಾನು 29 ವರ್ಷ ಬ್ಯಾಂಕಿನಲ್ಲಿದ್ದವನು. ನಿವೃತ್ತಿಯ ಬಳಿಕ ನಿಫ್ಟಿ ಷೇರು ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ ಒಂದೇ ಲಾಟ್ ಇಟ್ಟುಕೊಂಡು ವಹಿವಾಟು ಮಾಡುತ್ತೇನೆ. 2025ರಲ್ಲಿ ತಂಗಿಯ ಮಗ, ಇಪ್ಪತ್ತಾರರ ಹುಡುಗ, ಲ್ಯಾಪ್‌ಟಾಪ್ ಹಿಡಿದು ಕಲಿಯಲು ಬಂದ. ಒಂಬತ್ತೂ ಕಾಲಿಗೆ ಮಾರುಕಟ್ಟೆ ತೆರೆದು ಐದು ನಿಮಿಷ ಆಗಿರಲಿಲ್ಲ.

“ಮಾಮ, ಈಗ ತೆಕ್ಕೊಳ್ಳುವುದಾ?”

“ಯಾಕೆ ಈಗ?”

“ಮೇಲೆ ಹೋಗ್ತಾ ಉಂಟಲ್ಲ.”

“ಎಷ್ಟು ಹೋದರೆ ‘ಮೇಲೆ ಹೋಗ್ತಾ ಉಂಟು’ ಅಂತ ಲೆಕ್ಕ?”

ಅವನಲ್ಲಿ ಉತ್ತರ ಇರಲಿಲ್ಲ. ಹೆಚ್ಚಿನವರಲ್ಲಿ ಇರುವುದಿಲ್ಲ. ಈ ಲೇಖನ ಬರೆಯಲು ಕಾರಣ ಆ ಮೌನ.

ವಾಯಿದೆಯ ಬಲ, ವಾಯಿದೆಯ ಭಾರ

ಅಡಿಕೆ ಬೆಳೆಗಾರನೊಬ್ಬ ಮೂರು ತಿಂಗಳ ಬಳಿಕ ಕೊಡುವ ಅಡಿಕೆಗೆ ಮಂಗಳೂರು ಬಂದರಿನ ವ್ಯಾಪಾರಿಯೊಡನೆ ಇಂದೇ ದರ ಗೊತ್ತುಮಾಡಿಕೊಂಡ ಎನ್ನಿ. ಅದು ವಾಯಿದೆ. ದರ ಕುಸಿಯುವ ಭಯ ಬೆಳೆಗಾರನಿಂದ ಹೋಯಿತು, ಏರುವ ಭಯ ವ್ಯಾಪಾರಿಯಿಂದ ಹೋಯಿತು. ಇದೇ ಒಪ್ಪಂದದ ಗಾತ್ರ, ದಿನಾಂಕಗಳನ್ನು ಒಂದೇ ಅಳತೆಗೆ ತಂದು ಎಕ್ಸ್‌ಚೇಂಜಿನಲ್ಲಿ ಯಾರು ಬೇಕಾದರೂ ಕೊಳ್ಳುವಂತೆ, ಮಾರುವಂತೆ ಮಾಡಿದರೆ ಅದು ಫ್ಯೂಚರ್ಸ್. ಜಪಾನಿನ ಒಸಾಕಾದ ದೋಜಿಮಾ ಅಕ್ಕಿ ಮಾರುಕಟ್ಟೆಗೆ ಅಲ್ಲಿನ ಆಡಳಿತ 1730ರಲ್ಲೇ ಮಾನ್ಯತೆ ಕೊಟ್ಟಿತ್ತು. ನಮ್ಮಲ್ಲಿ ಷೇರು ಸೂಚ್ಯಂಕದ ಫ್ಯೂಚರ್ಸ್ ಬಂದದ್ದು 2000ದ ಜೂನ್‌ನಲ್ಲಿ: 9ರಂದು ಬಿಎಸ್‌ಇಯಲ್ಲಿ, 12ರಂದು ಎನ್‌ಎಸ್‌ಇಯಲ್ಲಿ.

ದುಡ್ಡಿನ ಲೆಕ್ಕ ನಮ್ಮ ಜಿಲ್ಲೆಗೆ ಹೊಸದಲ್ಲ. 1906ರಲ್ಲಿ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ ಊರು ಮಂಗಳೂರು. ಎಂಬತ್ತರ ದಶಕದಲ್ಲಿ ಇಲ್ಲಿಗೇ ಒಂದು ಸ್ಟಾಕ್ ಎಕ್ಸ್‌ಚೇಂಜ್ ಕೂಡ ಬಂದಿತ್ತು. ಈಗ ಆ ಕಟ್ಟೆ ಬೇಕಾಗಿಲ್ಲ, ಎಲ್ಲವೂ ಮೊಬೈಲಿನಲ್ಲೇ ನಡೆಯುತ್ತದೆ. ಅನುಕೂಲವೂ ಅದೇ, ಅಪಾಯವೂ ಅದೇ.

ಅಪಾಯದ ಗಾತ್ರ ನೋಡಿ. 2024ರ ನವೆಂಬರ್‌ನಲ್ಲಿ ನಿಫ್ಟಿಯ ಲಾಟ್, ಅಂದರೆ ಒಂದು ಒಪ್ಪಂದದ ಗಾತ್ರ, 25ರಿಂದ 75ಕ್ಕೆ ಏರಿತು. ಆಮೇಲೂ ಅದು ಬದಲಾಗಿದೆ. ಈ ಲೇಖನದ 2025ರ ಲೆಕ್ಕಕ್ಕೆ 75 ಇಟ್ಟುಕೊಳ್ಳುತ್ತೇನೆ. ನಿಫ್ಟಿ 24,000ದಲ್ಲಿದ್ದರೆ ಒಂದು ಲಾಟಿನ ಮೌಲ್ಯ 18 ಲಕ್ಷ ರೂಪಾಯಿ. ನೀವು ಕಟ್ಟುವ ಮಾರ್ಜಿನ್, ಅಂದರೆ ಮುಂಗಡ ಠೇವಣಿ, ಎರಡು ಲಕ್ಷ ಚಿಲ್ಲರೆ. ಆದರೆ ಲಾಭ ನಷ್ಟ ಎರಡೂ ಹದಿನೆಂಟು ಲಕ್ಷದ ಮೇಲೆಯೇ. ಸೂಚ್ಯಂಕ 100 ಪಾಯಿಂಟ್ ಅಲುಗಾಡಿದರೆ 7,500 ರೂಪಾಯಿ. 100 ಪಾಯಿಂಟ್ ಅಲುಗಾಡಲು ಒಂದು ಚಾ ಕುಡಿಯುವಷ್ಟು ಹೊತ್ತು ಸಾಕು.

ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದನ್ನು ಅಳಿಯನಿಂದ ಗಟ್ಟಿಯಾಗಿ ಓದಿಸಿದೆ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93 ಶೇಕಡಾ ಮಂದಿ ಕಳೆದುಕೊಂಡವರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಕಂಡವರು ಶೇಕಡಾ ಒಂದರಷ್ಟು. ಈ ಸಂಖ್ಯೆಗಳನ್ನು ಹೇಳದೆ ಎಂಟ್ರಿಯ, ಅಂದರೆ ಒಳಗೆ ಹೋಗುವ ಕ್ಷಣದ, ಪಾಠ ಹೇಳುವವರನ್ನು ನಂಬಬೇಡಿ.

ಬರೆಯದ ನಿಯಮಕ್ಕೆ ತೆತ್ತ ಬೆಲೆ

2024ರ ಜೂನ್ 4, ಲೋಕಸಭಾ ಚುನಾವಣೆಯ ಫಲಿತಾಂಶದ ದಿನ. ಹಿಂದಿನ ದಿನ ಮತಗಟ್ಟೆ ಸಮೀಕ್ಷೆ ನೋಡಿ ನಿಫ್ಟಿ 3 ಶೇಕಡಾಕ್ಕೂ ಹೆಚ್ಚು ಏರಿ 23,263ಕ್ಕೆ ನಿಂತಿತ್ತು. ಎಣಿಕೆ ಶುರುವಾಗುತ್ತಿದ್ದಂತೆ ಇಳಿಯತೊಡಗಿತು. 22,600ರ ಸುಮಾರಿಗೆ ನನ್ನ ಮನಸ್ಸು “ಇಷ್ಟು ಇಳಿದಿದೆ, ಇನ್ನು ಏರಲೇಬೇಕು” ಎಂದಿತು. ಒಂದು ಲಾಟ್ ಕೊಂಡೆ. 22,200ರ ಹತ್ತಿರ ಇನ್ನೊಂದು ಕೊಂಡೆ. 21,600ರಲ್ಲಿ ಕೈ ನಡುಗಿ ಎರಡನ್ನೂ ಮಾರಿದೆ. ಆಗ ಲಾಟ್ 25ರದ್ದು. ಆದರೂ ಹೋದದ್ದು 40,000 ರೂಪಾಯಿ. ಆ ದಿನ ನಿಫ್ಟಿ ಸುಮಾರು 6 ಶೇಕಡಾ ಕುಸಿದು 21,884ರಲ್ಲಿ ಮುಗಿಯಿತು.

ರಾತ್ರಿ ಕೂತು ಯೋಚಿಸಿದೆ. 22,600ರಲ್ಲಿ ಯಾಕೆ ಕೊಂಡೆ? 22,700ರಲ್ಲಿ ಯಾಕೆ ಕೊಳ್ಳಲಿಲ್ಲ? ಒಂದಕ್ಕೂ ಕಾರಣ ಇರಲಿಲ್ಲ. ನಾನು ಮಾರುಕಟ್ಟೆಯ ಮುಖ ನೋಡಿದ್ದೆ, ಗೆರೆ ನೋಡಿರಲಿಲ್ಲ. ನೋಡಲು ಗೆರೆಯೇ ಇರಲಿಲ್ಲ. ಎಂಟ್ರಿ ಪಾಯಿಂಟ್ ಎಂದರೆ ‘ಈಗಲಾ?’ ಎಂಬ ಪ್ರಶ್ನೆಗೆ ಹಿಂದಿನ ರಾತ್ರಿಯೇ, ಮನಸ್ಸು ತಣ್ಣಗಿರುವಾಗ, ಬರೆದಿಟ್ಟ ಉತ್ತರ ಎಂದು ನಾನು ಕಲಿತದ್ದು ಅಂದು.

‘ಬಲವಾಗಿ’ ಅಂದರೆ ಎಷ್ಟು?

ಮರುದಿನವೇ ಒಂದು ನೋಟ್‌ಬುಕ್ಕಿನಲ್ಲಿ ನಿಯಮ ಬರೆದೆ: “ಬೆಳಗಿನ ಮೊದಲ ಅರ್ಧ ಗಂಟೆಯ ಗರಿಷ್ಠವನ್ನು ದರ ಬಲವಾಗಿ ದಾಟಿದರೆ ಕೊಳ್ಳುವುದು.” ಓದಲು ಚೆನ್ನಾಗಿಯೇ ಇತ್ತು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ನೋಟ್‌ಬುಕ್ ನೋಡಿ ಕೇಳಿದಳು: “‘ಬಲವಾಗಿ’ ಅಂದ್ರೆ ಎಷ್ಟು? ನೀವು ಗುಣವಾಚಕ ಬರೆದಿದ್ದೀರಿ, ಅಳತೆ ಬರೆದಿಲ್ಲ.”

ಅಳಿಯ ಬಂದ ಮೇಲೆ ಈ ಪ್ರಶ್ನೆಯನ್ನು ಪರೀಕ್ಷೆಗೇ ಒಡ್ಡಿದೆವು. ಪಕ್ಕದ ಬಿಕರ್ನಕಟ್ಟೆಯಲ್ಲಿ 20 ಹಳೆಯ ದಿನಗಳ ಚಾರ್ಟ್‌ಗಳನ್ನು ಎರಡೆರಡು ಪ್ರತಿ ಪ್ರಿಂಟ್ ತೆಗೆಸಿದೆವು. ಪ್ರತಿಯೊಂದರಲ್ಲೂ ಐದೈದು ನಿಮಿಷದ ಕ್ಯಾಂಡಲ್‌ಗಳು: ಐದು ನಿಮಿಷದಲ್ಲಿ ದರ ಎಲ್ಲಿ ಶುರುವಾಯಿತು, ಎಲ್ಲಿವರೆಗೆ ಹೋಯಿತು, ಎಲ್ಲಿ ನಿಂತಿತು ಎಂದು ತೋರಿಸುವ ಪುಟ್ಟ ಕಂಬಗಳು. ಒಂದು ಪ್ರತಿ ಹೆಂಡತಿಗೆ, ಒಂದು ಅಳಿಯನಿಗೆ. ಬೇರೆ ಬೇರೆ ಕೋಣೆಯಲ್ಲಿ ಕೂತು, ನನ್ನ ಹಳೆಯ ನಿಯಮದ ಪ್ರಕಾರ ಕೊಳ್ಳುವ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು. ಹಾಳೆಗಳನ್ನು ಜೋಡಿಸಿ ನೋಡಿದರೆ 20ರಲ್ಲಿ 11 ಮಾತ್ರ ಹೊಂದಿದವು. ದರ ಗೆರೆಯನ್ನು ಮುಟ್ಟಿದ ಕೂಡಲೇ ಅಳಿಯ ಗುರುತು ಹಾಕಿದ್ದ. ಹೆಂಡತಿ ದೊಡ್ಡ ಕಂಬ ಬರುವವರೆಗೆ ಕಾದಿದ್ದಳು.

ನಿಯಮವನ್ನು ತಿದ್ದಿದೆವು: “9.45ರ ನಂತರ ಐದು ನಿಮಿಷದ ಒಂದು ಕ್ಯಾಂಡಲ್ ಆ ಗರಿಷ್ಠಕ್ಕಿಂತ ಮೇಲೆ ಮುಕ್ತಾಯವಾಗಬೇಕು. ಮುಂದಿನ ಕ್ಯಾಂಡಲ್ ಶುರುವಾದ ಕೂಡಲೇ ಕೊಳ್ಳಬೇಕು.” ಮುಟ್ಟಿದರೆ ಸಾಲದು, ಮುಕ್ತಾಯ ಆಗಬೇಕು. ಇನ್ನೊಂದು ಸುತ್ತು ಗುರುತು ಹಾಕಿಸಿದಾಗ 20ಕ್ಕೆ 20 ಹೊಂದಿದವು. ಇಬ್ಬರು ಬೇರೆ ಬೇರೆ ಕೂತು ಒಂದೇ ಕ್ಯಾಂಡಲಿಗೆ ಗುರುತು ಹಾಕುವಂತಿದ್ದರೆ ಮಾತ್ರ ಅದನ್ನು ಎಂಟ್ರಿ ಎನ್ನಬಹುದು. ಇಲ್ಲದಿದ್ದರೆ ಅದು ಅಭಿಪ್ರಾಯ.

ಈ ಉಪಾಯ ನನ್ನ ಸ್ವಂತದ್ದಲ್ಲ. ದಿನದ ಆರಂಭದ ಹರವನ್ನು ದಾಟುವುದನ್ನೇ ಆಧರಿಸಿದ ವಹಿವಾಟಿನ ಬಗ್ಗೆ ಅಮೆರಿಕದ ಟೋಬಿ ಕ್ರೇಬಲ್ 1990ರಲ್ಲೇ ಪುಸ್ತಕ ಬರೆದಿದ್ದರು. ಅದಕ್ಕೂ ಹಿಂದೆ, ಎಂಬತ್ತರ ದಶಕದ ಆರಂಭದಲ್ಲಿ, ಶಿಕಾಗೋದ ರಿಚರ್ಡ್ ಡೆನ್ನಿಸ್ ಮತ್ತು ವಿಲಿಯಂ ಎಕ್‌ಹಾರ್ಟ್ ನಡುವೆ ಒಂದು ವಾದ ನಡೆಯಿತು: ವಹಿವಾಟು ಹುಟ್ಟುಗುಣವೇ, ಕಲಿಸಬಹುದೇ? ಕಲಿಸಬಹುದು ಎಂಬುದು ಡೆನ್ನಿಸ್ ಪಕ್ಷ. ಜಾಹೀರಾತು ಕೊಟ್ಟು ಜನರನ್ನು ಆರಿಸಿ, ಕೆಲವೇ ವಾರ ಪಾಠ ಮಾಡಿ, ತಮ್ಮ ದುಡ್ಡನ್ನೇ ಕೈಗಿತ್ತರು. ಆ ಗುಂಪಿಗೆ ‘ಟರ್ಟಲ್ಸ್’ ಎಂದು ಹೆಸರು. ಅವರ ಒಂದು ಎಂಟ್ರಿ ನಿಯಮ ಹಿಂದಿನ 20 ದಿನಗಳ ಗರಿಷ್ಠವನ್ನು ದರ ದಾಟಿದರೆ ಕೊಳ್ಳುವುದು. ಇನ್ನೊಂದಕ್ಕೆ 55 ದಿನಗಳ ಗರಿಷ್ಠ. ಎರಡರಲ್ಲೂ ಒಂದೇ ಒಂದು ಗುಣವಾಚಕ ಇಲ್ಲ.

ನನ್ನ ಪುಸ್ತಕದ ಒಂದು ಪುಟ

ಈಗ ನನ್ನ ನಿಯಮಗಳು ಒಂದೇ ಪುಟದಲ್ಲಿವೆ. ವಿವರಿಸುತ್ತೇನೆ, ನಕಲು ಮಾಡಿಕೊಳ್ಳಲು ಅಲ್ಲ, ಒಂದು ಎಂಟ್ರಿಗೆ ಏನೇನು ಅಂಗಗಳು ಬೇಕು ಎಂದು ಕಾಣಲು.

ಮೊದಲನೆಯದು ಸಮಯ. 9.15ರಿಂದ 9.45ರವರೆಗೆ ನೋಡುವುದು ಮಾತ್ರ. ಆ ಅರ್ಧ ಗಂಟೆಯ ಗರಿಷ್ಠ, ಕನಿಷ್ಠಗಳನ್ನು ಬರೆದುಕೊಳ್ಳುವುದು. ಮಧ್ಯಾಹ್ನ ಒಂದರ ನಂತರ ಹೊಸ ಎಂಟ್ರಿ ಇಲ್ಲ. ಎರಡನೆಯದು ಸನ್ನಿವೇಶ. ಆ ಹರವು 40 ಪಾಯಿಂಟಿಗಿಂತ ಕಿರಿದಾಗಿದ್ದರೆ ಅಥವಾ 120ಕ್ಕಿಂತ ಅಗಲವಾಗಿದ್ದರೆ ಆ ದಿನ ರಜೆ. ಬಜೆಟ್, ರಿಸರ್ವ್ ಬ್ಯಾಂಕಿನ ಬಡ್ಡಿದರ ಪ್ರಕಟಣೆ, ಚುನಾವಣಾ ಫಲಿತಾಂಶದ ದಿನಗಳಲ್ಲೂ ರಜೆ. ಮೂರನೆಯದು ಸೂಚನೆ, ಅಂದರೆ ಮೇಲೆ ಹೇಳಿದ ಕ್ಯಾಂಡಲಿನ ಮುಕ್ತಾಯ. ನಾಲ್ಕನೆಯದು ಸಾಕ್ಷಿ. ಆ ಹೊತ್ತಿನ ದರ ದಿನದ ವಿವ್ಯಾಪ್‌ಗಿಂತ ಮೇಲಿರಬೇಕು. ವಿವ್ಯಾಪ್ ಎಂದರೆ ಆ ದಿನ ಅಲ್ಲಿಯವರೆಗೆ ನಡೆದ ಒಟ್ಟು ವಹಿವಾಟಿನ ಸರಾಸರಿ ದರ. ಅದನ್ನು ಫ್ಯೂಚರ್ಸ್‌ನ ಚಾರ್ಟಿನಲ್ಲೇ ನೋಡಬೇಕು, ಏಕೆಂದರೆ ಬರೀ ಸೂಚ್ಯಂಕವನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಐದನೆಯದು ಬಾಗಿಲು: ತಪ್ಪಾದರೆ ಎಲ್ಲಿ ಹೊರಬೀಳುವುದು. ನನಗದು ಆ ಹರವಿನ ನಡುಮಧ್ಯ. ಆರನೆಯದು ಅಳತೆ: ಒಂದು ವಹಿವಾಟಿನಲ್ಲಿ ಕಳೆದುಕೊಳ್ಳಬಹುದಾದದ್ದು ನನ್ನ ನಾಲ್ಕು ಲಕ್ಷದ ಶೇಕಡಾ ಒಂದು, ಅಂದರೆ 4,000 ರೂಪಾಯಿ. ಅದಕ್ಕಿಂತ ಹೆಚ್ಚಾಗುವುದಾದರೆ ಸೂಚನೆ ಎಷ್ಟೇ ಚಂದ ಬಂದರೂ ಎಂಟ್ರಿ ಇಲ್ಲ. ದರ ಕೆಳಮುಖವಾಗಿದ್ದರೆ ಮೊದಲು ಮಾರಿ ಬಳಿಕ ಕೊಳ್ಳುವುದಕ್ಕೂ ಇವೇ ನಿಯಮಗಳು, ತಲೆಕೆಳಗಾಗಿ.

ಅಳಿಯ ಪಕ್ಕದಲ್ಲಿದ್ದಾಗ ನಡೆದ ಒಂದು ದಿನ ಹೇಳುತ್ತೇನೆ. ಮೊದಲ ಅರ್ಧ ಗಂಟೆಯ ಗರಿಷ್ಠ 24,086, ಕನಿಷ್ಠ 24,012. ಹರವು 74, ಸರಿ. ನಡುಮಧ್ಯ 24,049. ಹತ್ತೂ ಇಪ್ಪತ್ತರ ಕ್ಯಾಂಡಲ್ 24,095ಕ್ಕೆ ಜಿಗಿಯಿತು. ಅಳಿಯ ಕುರ್ಚಿಯಿಂದ ಎದ್ದ: “ಮಾಮ, ದಾಟಿತು!” ನಾನು ಗಡಿಯಾರ ತೋರಿಸಿದೆ. ಐದು ನಿಮಿಷ ಮುಗಿದಾಗ ಅದು 24,081ಕ್ಕೆ ಇಳಿದು ನಿಂತಿತ್ತು. ಗೆರೆಯ ಕೆಳಗೆ. ಹಾಲು ವಾಪಸು. ಹತ್ತೂ ಮೂವತ್ತೈದರ ಕ್ಯಾಂಡಲ್ 24,098ರಲ್ಲಿ ಮುಕ್ತಾಯವಾಯಿತು. ವಿವ್ಯಾಪ್ ಕೆಳಗಿತ್ತು. 24,100ರಲ್ಲಿ ಕೊಂಡರೆ ನಡುಮಧ್ಯಕ್ಕೆ 51 ಪಾಯಿಂಟ್, 75ರಿಂದ ಗುಣಿಸಿದರೆ 3,825 ರೂಪಾಯಿ. ನಾಲ್ಕು ಸಾವಿರದ ಒಳಗೆ. ಕೊಂಡೆ, ಆ ಕ್ಷಣದಲ್ಲೇ 24,049ಕ್ಕೆ ಸ್ಟಾಪ್‌ಲಾಸ್ ಆರ್ಡರನ್ನೂ ಹಾಕಿದೆ.

ಹನ್ನೊಂದೂವರೆಗೆ ದರ ಕೆಳಗೆ ಬಂದು ಸ್ಟಾಪ್‌ಲಾಸ್ ಮುಟ್ಟಿತು. ಮುಗಿಯಿತು.

“ಹಾಗಾದ್ರೆ ನಿಯಮ ತಪ್ಪಾ ಮಾಮ?” ಹುಡುಗನ ಮುಖ ಸಣ್ಣದಾಗಿತ್ತು.

“ಗೆರೆ ಮುಟ್ಟಿದ ಹಾಲೂ ಒಮ್ಮೊಮ್ಮೆ ಒಡೆಯುತ್ತದೆ. ಹಾಗೆಂತ ಲ್ಯಾಕ್ಟೋಮೀಟರ್ ಬಿಸಾಡ್ಲಿಕ್ಕುಂಟಾ?” ಎಂದೆ. ಪುಸ್ತಕದಲ್ಲಿ ನಷ್ಟದ ಎದುರು “ನಿಯಮ ಪಾಲಿಸಿದ್ದೇನೆ” ಎಂದು ಬರೆದು ಗುರುತು ಹಾಕಿದೆ. ಜೂನ್ 4ರ ನಷ್ಟದ ಎದುರು ಆ ಗುರುತು ಇಲ್ಲ. ಎರಡೂ ನಷ್ಟವೇ, ಆದರೆ ನಿಯಮ ಪಾಲಿಸಿದ ನಷ್ಟದಿಂದ ಕಲಿಯಲು ಲೆಕ್ಕ ಸಿಗುತ್ತದೆ, ನಿಯಮವಿಲ್ಲದ ನಷ್ಟದಿಂದ ಸಂಕಟ ಮಾತ್ರ.

ಹತ್ತರಲ್ಲಿ ನಾಲ್ಕು

ಒಂದು ಎಂಟ್ರಿ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದು ದಿನದಲ್ಲಿ ಗೊತ್ತಾಗುವುದಿಲ್ಲ. ನೂರು, ಇನ್ನೂರು ಸಲ ನೋಡಬೇಕು. ಲೆಕ್ಕ ಹೀಗೆ: ಗೆದ್ದಾಗ ಅಪಾಯದ ಎರಡರಷ್ಟು, ಅಂದರೆ 102 ಪಾಯಿಂಟ್, 7,650 ರೂಪಾಯಿ ಬರುತ್ತದೆ ಎನ್ನಿ. ಸೋತಾಗ 3,825 ಹೋಗುತ್ತದೆ. ಹತ್ತರಲ್ಲಿ ನಾಲ್ಕು ಗೆದ್ದರೆ ಬಂದದ್ದು 30,600, ಹೋದದ್ದು 22,950, ಉಳಿದದ್ದು 7,650. ಇನ್ನು ಖರ್ಚು. 2024ರ ಅಕ್ಟೋಬರ್ 1ರಿಂದ ಫ್ಯೂಚರ್ಸ್ ಮಾರಾಟದ ಮೇಲಿನ ಎಸ್‌ಟಿಟಿ ತೆರಿಗೆ 0.0125ರಿಂದ 0.02 ಶೇಕಡಾಕ್ಕೆ ಏರಿತು. 18 ಲಕ್ಷಕ್ಕೆ ಅದೊಂದೇ 360 ರೂಪಾಯಿ. ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಮುದ್ರಾಂಕ ಸೇರಿದರೆ ಒಂದು ಸುತ್ತಿಗೆ ಸುಮಾರು 520. ಹತ್ತು ಸುತ್ತಿಗೆ 5,200. ಕೈಗೆ ಬಂದದ್ದು 2,450 ರೂಪಾಯಿ!

ಗೆಲುವು ನಾಲ್ಕರ ಬದಲು ಮೂರಾದರೆ? ಖರ್ಚು ಸೇರಿ 9,025 ರೂಪಾಯಿ ನಷ್ಟ. ಗೆದ್ದವನಿಗೂ ಸೋತವನಿಗೂ ನಡುವೆ ಇರುವುದು ಹತ್ತರಲ್ಲಿ ಒಂದೇ ಒಂದು ವಹಿವಾಟು. ಅವಸರಕ್ಕೆ ಮಾಡಿದ, ನಿಯಮವಿಲ್ಲದ ಒಂದು ಹೆಚ್ಚುವರಿ ಎಂಟ್ರಿ ತಿಂಗಳ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. ತೆರಿಗೆ, ಶುಲ್ಕಗಳ ದರ ಬದಲಾಗುತ್ತಲೇ ಇರುತ್ತದೆ. ಲೆಕ್ಕ ಹಾಕುವ ದಿನದ ದರವನ್ನೇ ಹಿಡಿಯಿರಿ.

ಹಳೆಯ ಚಾರ್ಟಿನ ಮೇಲೆ ನಿಯಮ ಪರೀಕ್ಷಿಸುವಾಗ ಎರಡು ತಪ್ಪುಗಳಿಗೆ ಹೆದರಬೇಕು. ಒಂದು, ಆ ಹೊತ್ತಿಗೆ ಗೊತ್ತಿರಲು ಸಾಧ್ಯವಿಲ್ಲದ್ದನ್ನು ಬಳಸುವುದು. “ದಿನದ ಕನಿಷ್ಠದ ಹತ್ತಿರ ಕೊಳ್ಳುವುದು” ಎಂದು ಅಳಿಯ ಒಮ್ಮೆ ಬರೆದ. ಹಳೆಯ ಚಾರ್ಟಿನಲ್ಲಿ ಅದು ಅದ್ಭುತವಾಗಿ ಗೆಲ್ಲುತ್ತದೆ. ಆದರೆ ಯಾವುದು ದಿನದ ಕನಿಷ್ಠ ಎಂದು ತಿಳಿಯುವುದು ಸಂಜೆ ಮೂರೂವರೆಗೆ. ಇನ್ನೊಂದು, ಹಳೆಯ ದಿನಗಳಿಗೆ ಒಪ್ಪುವಂತೆ ನಿಯಮವನ್ನು ತಿದ್ದುತ್ತಲೇ ಹೋಗುವುದು. 40 ಬೇಡ 43, ಮಂಗಳವಾರ ಬೇಡ, 10.35 ಆದರೆ ಬೇಡ ಎಂದು ಹದಿನೈದು ಷರತ್ತು ಸೇರಿಸಿದರೆ ಕಳೆದ ವರ್ಷ ಬಂಗಾರವಾಗಿ ಕಾಣುತ್ತದೆ, ನಾಳೆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ನಾನು ಅರ್ಧ ದಿನಗಳ ಮೇಲೆ ನಿಯಮ ಕಟ್ಟಿ, ಮುಟ್ಟದೆ ಇಟ್ಟ ಉಳಿದರ್ಧ ದಿನಗಳ ಮೇಲೆ ಪರೀಕ್ಷಿಸಿದೆ. ಬಳಿಕ ಮೂರು ತಿಂಗಳು ದುಡ್ಡು ಹಾಕದೆ ಪುಸ್ತಕದಲ್ಲಿ ಮಾತ್ರ ಬರೆದೆ.

ಈಗ ಸೊಸೈಟಿಗಳಲ್ಲಿ ಹಾಲಿನ ಕೊಬ್ಬು, ಕೊಬ್ಬಲ್ಲದ ಘನಾಂಶ ಅಂದರೆ ಎಸ್‌ಎನ್‌ಎಫ್ ಎಷ್ಟೆಂದು ಯಂತ್ರವೇ ಹೇಳುತ್ತದೆ. ವಹಿವಾಟಿನಲ್ಲೂ ಯಂತ್ರ ಬಂದಿದೆ; ಸಾಮಾನ್ಯ ಹೂಡಿಕೆದಾರರ ಆಲ್ಗೋ ವಹಿವಾಟಿಗೆ ಸೆಬಿ 2025ರ ಫೆಬ್ರವರಿಯಲ್ಲಿ ಚೌಕಟ್ಟು ಹೊರಡಿಸಿದೆ. ಆದರೆ ಗೆರೆ ಎಲ್ಲಿರಬೇಕು ಎಂದು ಯಂತ್ರಕ್ಕೆ ಹೇಳಬೇಕಾದವರು ನಾವೇ. ‘ಬಲವಾಗಿ’ ಎಂಬ ಶಬ್ದ ಅದಕ್ಕೂ ಅರ್ಥವಾಗುವುದಿಲ್ಲ.

ಅಳಿಯ ಇನ್ನೂ ದುಡ್ಡು ಹಾಕಿಲ್ಲ. ಅವನ ನೋಟ್‌ಬುಕ್ಕಿನ ಮೊದಲ ತಿಂಗಳಲ್ಲಿ 21 ದಿನ ಮಾರುಕಟ್ಟೆ ತೆರೆದಿತ್ತು. 9 ದಿನಗಳ ಎದುರು “ಎಂಟ್ರಿ ಇಲ್ಲ” ಎಂದಿದೆ. ಆ ಒಂಬತ್ತು ಸಾಲುಗಳನ್ನು ನೋಡಿದಾಗ ನನಗೆ ಸಮಾಧಾನವಾಯಿತು. ಬೇಡ ಎನ್ನಲು ಬಾರದ ನಿಯಮ ನಿಯಮವೇ ಅಲ್ಲ.

ಓದುಗರಲ್ಲಿ ನನ್ನ ಕೇಳಿಕೆ ಒಂದೇ. ಸಾಲ ಮಾಡಿ, ಮನೆಖರ್ಚಿನ ದುಡ್ಡು ಹಾಕಿ ಫ್ಯೂಚರ್ಸ್‌ಗೆ ಇಳಿಯಬೇಡಿ. ಈಗಾಗಲೇ ಇಳಿದಿದ್ದರೆ, ಇಂದು ರಾತ್ರಿ ನಿಮ್ಮ ಎಂಟ್ರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಹೊತ್ತು, ಯಾವ ದರ, ಎಷ್ಟು ಲಾಟ್, ಎಲ್ಲಿ ಹೊರಗೆ ಎಂಬುದು ಅದರಲ್ಲಿರಲಿ. ಆ ಹಾಳೆಯನ್ನೂ ಒಂದು ಹಳೆಯ ಚಾರ್ಟನ್ನೂ ವಹಿವಾಟು ಗೊತ್ತಿಲ್ಲದ ಮನೆಯವರ ಕೈಗೆ ಕೊಡಿ. ನಿಮ್ಮನ್ನು ಏನೂ ಕೇಳದೆ ಅವರು ಸರಿಯಾದ ಜಾಗಕ್ಕೆ ಗುರುತು ಹಾಕಿದರೆ ನಿಮ್ಮ ಬಳಿ ನಿಯಮ ಉಂಟು. ಹಾಕಲಾಗದಿದ್ದರೆ ನಾಳೆ ಬೆಳಗ್ಗೆ ಒಂಬತ್ತೂ ಕಾಲಿಗೆ ಆರ್ಡರ್ ಹಾಕಬೇಡಿ.